ಹತ್ತೊಂಬತ್ತು ನೀಲಿ ಚೂರುಗಳು

ಬ್ರೆಜಿಲಿನ ಒಣನಾಡಿನ ಪೆದ್ರಾ ಮಾನ್ಸಾ ಊರಿನಲ್ಲಿ ಹಸುಗೂಸು ತೀರಿಕೊಂಡರೆ ಅದಕ್ಕೆ ನೀಲಿ ಅಂಗಿ ಹೊಲಿಯುತ್ತಿದ್ದವಳು ಮುದುಕಿ ಜುಲ್ಮೀರಾ. ಉಳಿದ ಬಟ್ಟೆಯಲ್ಲಿ ಬೆರಳಗಲದ ಚೂರೊಂದನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದಳು, ವರ್ಷಕ್ಕೊಂದು ಡಬ್ಬಿ. ತಾಯಂದಿರು ಅಳುತ್ತಿರಲಿಲ್ಲ. ತೀರಿಕೊಂಡ ಕೂಸು ರೆಕ್ಕೆ ಮೂಡಿ ದೇವದೂತನಾಗುತ್ತದೆ, ಕಣ್ಣೀರು ಬಿದ್ದರೆ ಆ ರೆಕ್ಕೆ ನೆನೆದು ಭಾರವಾಗುತ್ತದೆ, ಸ್ವರ್ಗದವರೆಗೆ ಹಾರಲಾರದು ಎಂದು ಅವರ ನಂಬಿಕೆ. ಎಲ್ಲಿ ಅಳು ಬಂದುಬಿಡುವುದೋ ಎಂದು ಕೂಸಿನ ಹೆಸರನ್ನೂ ಎತ್ತುತ್ತಿರಲಿಲ್ಲ.

ಆ ವರ್ಷ ಆರೋಗ್ಯ ಇಲಾಖೆಯಿಂದ ಲಿಂದಾಲ್ವಾ ಎಂಬ ಹುಡುಗಿ ಕಾಗದದ ಕಟ್ಟು ಹಿಡಿದು ಬಂದಳು. ಶಿಶುಮರಣ ಹೆಚ್ಚಿರುವ ಊರುಗಳಿಗೆ ಮೊದಲು ದಾದಿಯನ್ನು ಕಳಿಸಬೇಕೆಂದು ಸರಕಾರ ಹೊಸ ನಿಯಮ ಮಾಡಿತ್ತು. ಮೂರು ದಿನ ಮನೆಮನೆ ತಿರುಗಿ ತೀರಿಕೊಂಡ ಕೂಸುಗಳ ಲೆಕ್ಕ ಕೇಳಿ, ಸಂಜೆ ಜುಲ್ಮೀರಾಳ ಜಗಲಿಯಲ್ಲಿ ಕಾಫಿ ಕುಡಿಯುತ್ತ ಹುಡುಗಿ ನಕ್ಕಳು.

“ದೋನಾ ಜುಲ್ಮೀರಾ, ಈ ವರ್ಷ ಎರಡೇ ಸಾವಂತೆ! ರಾಜಧಾನೀಲೂ ಇಷ್ಟು ಚೆನ್ನಾಗಿಲ್ಲ. ನಿಮ್ಮೂರಿಗೆ ದಾದಿ ಯಾಕೆ ಬೇಕು, ಹೇಳಿ?”

ಜುಲ್ಮೀರಾ ಒಳಗಿಂದ ಡಬ್ಬಿ ತಂದು ಅವಳ ಮಡಿಲಿಗೆ ಸುರಿದಳು. “ಈ ವರ್ಷದ್ದು. ಹೋದ ಕೂಸಿಗೊಂದು ಚೂರು. ಎಣಿಸಮ್ಮ.”

ಹತ್ತೊಂಬತ್ತು ಇದ್ದವು. ಹುಡುಗಿಯ ನಗು ಅಡಗಿತು.

“ಬಟ್ಟೆ ನೋಡಿ ಬರೆಯೋ ಹಾಗಿಲ್ಲ. ತಾಯಿ ಬಾಯಿಂದಲೇ ಬರಬೇಕು. ನಾಳೆ ಮಧ್ಯಾಹ್ನಕ್ಕೆ ನಾನು ಹೊರಡ್ತೀನಿ.”

ಬೆಳಗಾಗುತ್ತಲೇ ಇಬ್ಬರೂ ಜಸೀರಾಳ ಮನೆಗೆ ಹೋದರು. ಅವಳ ಮಗು ಹೋಗಿ ಎಂಟೇ ದಿನವಾಗಿತ್ತು. ವಿಷಯ ತಿಳಿದು ಜಸೀರಾ ಬಾಗಿಲಿಗೆ ಅಡ್ಡ ನಿಂತಳು.

“ಅವನಿನ್ನೂ ದಾರೀಲಿದಾನೆ. ಅಂಗಿ ಹೊಲಿದವರು ನೀವೇ, ಈಗ ರೆಕ್ಕೆ ನೆನೆಸೋಕೆ ಬಂದವರೂ ನೀವೇನಾ?”

ಜುಲ್ಮೀರಾ ಹೊಸ್ತಿಲ ಮೇಲೆ ಕುಳಿತಳು. “ನನ್ನ ಕೂಸಿಂದು ಕೇಳು. ಬೆನೆದಿತಾ. ಐದು ತಿಂಗಳು. ಭೇದಿ.” ನಲವತ್ತೊಂದು ವರ್ಷ ಬಾಯಿಗೆ ಬಾರದಿದ್ದ ಹೆಸರು. ಮುದುಕಿ ಬಿಕ್ಕಿ ಬಿಕ್ಕಿ ಅತ್ತಳು. “ಅವಳು ಇಷ್ಟು ಹೊತ್ತಿಗೆ ತಲುಪಿರ್ತಾಳೆ, ಜಸೀರಾ. ನಾನು ಅತ್ತರೆ ಯಾರ ರೆಕ್ಕೇನೂ ನೆನೆಯೋಲ್ಲ. ನಿನ್ನ ಪಾಲಿಂದೂ ನಾನೇ ಅಳ್ತೀನಿ. ನೀನು ಹೆಸರು ಮಾತ್ರ ಹೇಳು.”

ಜಸೀರಾ ಒಣಗಣ್ಣಿನಿಂದ ಗೋಡೆಯನ್ನೇ ನೋಡುತ್ತ ಹೇಳಿದಳು: “ದಮಿಯಾನ್. ಏಳು ವಾರ.”

ಮೊದಲೇ ಬರೆಸಿದ್ದ ಎರಡನ್ನು ಬಿಟ್ಟು, ಹೀಗೆ ಹದಿನೇಳು ಹೊಸ್ತಿಲು. ಪ್ರತಿ ಹೊಸ್ತಿಲಲ್ಲೂ ಮುದುಕಿ ಅತ್ತಳು, ತಾಯಿ ಹೇಳಿದಳು, ಹುಡುಗಿ ಬರೆದಳು.

ಹೊರಡುವಾಗ ಲಿಂದಾಲ್ವಾ ತಲೆ ತಗ್ಗಿಸಿದಳು. “ಬೆನೆದಿತಾ ಹೆಸರು ಬರೆಯೋಕೆ ಬರೋಲ್ಲ. ಈ ವರ್ಷದ್ದು ಮಾತ್ರ.”

“ಗೊತ್ತಮ್ಮ. ನೀನು ಕೇಳಿಸಿಕೊಂಡೆಯಲ್ಲ, ಸಾಕು.”

ದಾದಿಯನ್ನು ಕಳಿಸುವ ಆದೇಶವಾಯಿತು. ಅವಳು ಬಂದು ಇಳಿಯುವ ಹೊತ್ತಿಗೆ ಹೊಸ ಡಬ್ಬಿಯಲ್ಲಿ ಆರು ಚೂರುಗಳು ಸೇರಿದ್ದವು.