ನಾನು ಒಗೆದ ಊರು

ಝಲ್... ಝಲ್... — ಅಳತೆಯ ಸರಪಳಿಯನ್ನು ಕೆಂಪು ಮಣ್ಣಿನ ಮೇಲೆ ಎಳೆದುಕೊಂಡು ಹೋಗುವ ಸದ್ದು. ಮೊದಲು ಅದು ಕೇಳಿಸುತ್ತದೆ, ಆಮೇಲೆ ನಾನು ಮಾಡಿದ್ದು ನೆನಪಾಗುತ್ತದೆ. ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ನನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಒಂದು ಊರನ್ನು ಸೋಪು ಹಚ್ಚಿ ಒಗೆದೆ. ಗೊತ್ತಿಲ್ಲದೆ ಒಗೆದೆ, ನಿಜ. ಆದರೆ ಆ ಊರಿನವಳೇ ಎದುರು ನಿಂತು ಕೇಳಿದಾಗ — ಗೊತ್ತಿದ್ದೂ ಇಲ್ಲ ಎಂದೆ.

ಅದು ನಿಜಾಮರ ಕಾಲ. ಅಪ್ಪ ಕಲಬುರ್ಗಿಯ ಕಚೇರಿಯಲ್ಲಿ ನಕ್ಷೆ ಬರೆಯುವವರು. ನಾನು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಓದು ಮುಗಿಸಿ ಬಂದಿದ್ದೆ. ಇಂಗ್ಲಿಷು, ಸ್ವಲ್ಪ ಪಿಯಾನೋ, ಬಹಳಷ್ಟು ನೀಡಲ್‌ವರ್ಕ್ — ಕಲಿತದ್ದು ಇಷ್ಟೇ. ಆ ವರ್ಷ ಅಪ್ಪನಿಗೆ ಕಮಲಾಪುರದ ಸೀಮೆಯ ಹಳೆಯ ನಕ್ಷೆಗಳನ್ನು ಹೊಸವುಗಳ ಪಕ್ಕದಲ್ಲಿಟ್ಟು ಬದಲಾದದ್ದನ್ನು ಬರೆಯುವ ಕೆಲಸ ಬಂತು. ಹಳ್ಳ ಎಲ್ಲಿ ಹೊರಳಿತು, ತೋಟ ಎಲ್ಲಿ ಎದ್ದಿತು, ಯಾವ ಊರು ಬೇಚಿರಾಗ್ ಆಯಿತು. ಜನ ಬಿಟ್ಟುಹೋದ ಊರಿಗೆ ಕಚೇರಿಯ ಭಾಷೆಯಲ್ಲಿ ಆ ಹೆಸರು — ದೀಪವಿಲ್ಲದ್ದು. ಅಪ್ಪನ ಕಣ್ಣಿಗೆ ಪೊರೆ ಬರುತ್ತಿತ್ತು. ಕಚೇರಿಯಲ್ಲಿ ಅದನ್ನು ಮುಚ್ಚಿಟ್ಟು, ಕಾಯಿದೆ ಮೀರಿ ನಕ್ಷೆಗಳನ್ನು ಮನೆಗೆ ತರುತ್ತಿದ್ದರು. ಸಣ್ಣ ಅಕ್ಷರಗಳನ್ನು ನಾನು ಓದಿ ಹೇಳುತ್ತಿದ್ದೆ.

ಹಳೆಯವು ಕೆಲವು ಟ್ರೇಸಿಂಗ್ ಕ್ಲಾತಿನ ಮೇಲಿದ್ದವು — ಗಂಜಿ ಹಾಕಿ ಗಾಜಿನಂತೆ ಮಾಡಿದ ತೆಳು ಬಟ್ಟೆ. ಅದನ್ನು ಹೊಸ ನಕ್ಷೆಯ ಮೇಲೆ ಹಾಸಿದರೆ, ಈಗಿಲ್ಲದ ಕಾಲುದಾರಿಗಳು ಈಗಿರುವ ಹೊಲಗಳ ನಡುವೆ ಹಾದು ಹೋಗುತ್ತಿದ್ದವು. ನನಗೆ ಅದೊಂದು ಆಟ. ಅದರ ಭಯ ಆಗಿನ್ನೂ ಇರಲಿಲ್ಲ.

ಕಾನ್ವೆಂಟಿನ ಸಿಸ್ಟರ್ ಒಬ್ಬರು ಕಲಿಸಿದ್ದ ಗುಟ್ಟು: ಆ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿದರೆ ಗಂಜಿ ಬಿಟ್ಟು, ಒಳಗಿನ ಲಿನೆನ್ ರೇಷ್ಮೆಯಂತೆ ಹೊರಬರುತ್ತದೆ. ಟ್ರಂಕಿನ ತಳದಲ್ಲಿ ಅಂಚು ಹರಿದ ಒಂದು ಸುರುಳಿ ಬಿದ್ದಿತ್ತು. ಬೇಡವಾದದ್ದು ಅಂದುಕೊಂಡೆ. ಅಪ್ಪನನ್ನು ಕೇಳಲಿಲ್ಲ. ಕೇಳಿದ್ದರೆ —

ಬಿಸಿನೀರಿನಲ್ಲಿ ನೆನೆಸಿ ಸೋಪು ಹಚ್ಚಿದೊಡನೆ ಬೋಗುಣಿಯ ನೀರು ಕುಂಕುಮ ಕದಡಿದಂತಾಯಿತು. ಮೊದಲು ಊರಿನ ಹೆಸರು ಹೋಯಿತು, ಆಮೇಲೆ ಗೆರೆಗಳು. ಕರ್ಚೀಫಿನಷ್ಟು ಕತ್ತರಿಸಿ ಒಣಗಿಸಿ ಬಿಸಿಲಿಗೆ ಹಿಡಿದಾಗ ಮಾತ್ರ, ಪೂರ್ತಿ ಹೋಗಿಲ್ಲವೆಂದು ಕಂಡಿತು. ತಿಳಿಗೆಂಪು ಚೌಕಗಳು ಹನ್ನೊಂದು, ನಡುವೆ ನೀಲಿಯ ಒಂದು ಬೊಟ್ಟು. ಮನೆಗಳು, ಬಾವಿ. ಕಲೆ ಕಾಣಬಾರದೆಂದು ಒಂದೊಂದು ಮನೆಯ ಮೇಲೂ ಬಿಳಿ ದಾರದಲ್ಲಿ ಒಂದೊಂದು ಹೂವಿನ ಕಸೂತಿ ಹಾಕಿದೆ. ನೀಲಿ ಬೊಟ್ಟನ್ನು ಹಾಗೆಯೇ ಬಿಟ್ಟೆ. ಎಷ್ಟು ಇಸ್ತ್ರಿ ಮಾಡಿದರೂ ಅಷ್ಟು ಜಾಗ ಬೆರಳಿಗೆ ತಣ್ಣಗೆ, ಹಸಿಯಾಗಿಯೇ ಇರುತ್ತಿತ್ತು.

ಹದಿನೈದು ದಿನ ಕಳೆದಿರಬೇಕು. ಅಪ್ಪ ಟ್ರಂಕನ್ನು ಬುಡಮೇಲು ಮಾಡಿ ಕೂತಿದ್ದರು.

"ಅವ್ವಿ, ತಳದಾಗ ಒಂದು ಬಟ್ಟಿ ನಕ್ಷಾ ಇತ್ತು. ನೀ ನೋಡಿಯೇನು?"

"ಇಲ್ಲಪ್ಪಾ."

ಅಪ್ಪ ಹಣೆ ಒತ್ತಿಕೊಂಡು ಹೇಳಿದರು: ಹಣಮವ್ವ ಎಂಬ ಮುದುಕಿ ಅರ್ಜಿ ಹಾಕಿದ್ದಾಳೆ. ಅವಳು ಚಿಕ್ಕವಳಿದ್ದಾಗ ಪ್ಲೇಗಿಗೆ ಹೆದರಿ ಅವರ ಊರಿನ ಜನ ಸೊಲ್ಲಾಪುರಕ್ಕೆ ಹೋದರು. ಈಗ ಆರು ಮನೆಯವರು ಮರಳಿ ಬಂದು ಬೇವಿನ ಮರದ ಕೆಳಗೆ ಬಿಡಾರ ಹೂಡಿದ್ದಾರೆ. ಊರಿದ್ದ ಜಾಗ ತನ್ನ ಬಾಳೆತೋಟದ್ದು, ಅಲ್ಲಿ ಊರೇ ಇರಲಿಲ್ಲ ಎನ್ನುತ್ತಾನೆ ಗೌಡ. ಹಳೆಯ ನಕ್ಷೆಯಲ್ಲಿ ಊರಿದ್ದರೆ ಜಾಗ ಅವರದು, ಇಲ್ಲದಿದ್ದರೆ ಗೌಡನದು. ಕಾಗದದ ಮೂಲಪ್ರತಿಯನ್ನು ಗೆದ್ದಲು ತಿಂದಿತ್ತು. ಉಳಿದದ್ದು ಆ ಬಟ್ಟೆಯೊಂದೇ.

ಅದು ನನ್ನ ಕುಪ್ಪಸದಲ್ಲಿತ್ತು.

ಜಾಗ ನೋಡುವ ದಿನ ಅಪ್ಪ ಕಚೇರಿಯ ಸಾಹೇಬರಿಗೆ ನಕ್ಷೆ ಓದಿ ಹೇಳಬೇಕಾಗಿತ್ತು, ಹಾಗಾಗಿ ಸಣ್ಣ ಅಕ್ಷರ ಗುಟ್ಟಾಗಿ ಓದಿಕೊಡಲು ನನ್ನನ್ನೂ ದಮಣಿಯಲ್ಲಿ, ಪರದೆ ಕಟ್ಟಿದ ಎತ್ತಿನ ಗಾಡಿಯಲ್ಲಿ, ಕೂರಿಸಿಕೊಂಡು ಕಮಲಾಪುರಕ್ಕೆ ಹೊರಟರು. ನಡುಮಧ್ಯಾಹ್ನ. ಒಂದು ಕಡೆ ಗೌಡನ ಕೆಂಪು ಬಾಳೆ, ಇನ್ನೊಂದು ಕಡೆ ಬಯಲು — ಕಲ್ಲಿಲ್ಲ, ಗೋಡೆಯಿಲ್ಲ. ಬಾವಿಯನ್ನೂ ಮುಚ್ಚಿ ಉತ್ತಿದ್ದರು. ಸರಪಳಿಯವರು ಅಳೆಯುತ್ತಿದ್ದರು. ಝಲ್... ಝಲ್...

"ಎಲ್ಲೈತಬೇ ನಿನ್ನ ಊರು? ತೋರ್ಸು," ಅಂದರು ಸಾಹೇಬರು.

ಹಣಮವ್ವ ಚಪ್ಪಲಿ ಬಿಟ್ಟು ಬಯಲಿನೊಳಗೆ ಕಾಲಿಟ್ಟಳು. ನೇರ ನಡೆಯಲಿಲ್ಲ. ಎಡಕ್ಕೆ ಹೊರಳಿದಳು, ಹತ್ತು ಹೆಜ್ಜೆ ಹೋಗಿ ಬಲಕ್ಕೆ. ಒಂದು ಕಡೆ ಮೈ ಓರೆ ಮಾಡಿ ನುಸುಳಿದಳು — ಎರಡು ಗೋಡೆಗಳ ನಡುವಿನ ಸಂದಿಯಲ್ಲಿ ನುಸುಳುವಂತೆ. ದಮಣಿಯ ಪರದೆಯ ಹಿಂದೆ ನಾನು ಕುಪ್ಪಸದಿಂದ ಕರ್ಚೀಫು ತೆಗೆದು ನೋಡಿದೆ. ಆ ಸಂದಿ ನನಗೆ ಗೊತ್ತಿತ್ತು — ನಾಲ್ಕನೆಯ ಹೂವಿಗೂ ಐದನೆಯದಕ್ಕೂ ನಡುವೆ. ಬಾವಿಯಿದ್ದಲ್ಲಿ ಆಕೆ ಸುತ್ತುಹಾಕಿ ಹೋದಳು. ಆಮೇಲೆ ಒಂದೆಡೆ ನಿಂತು, ತಲೆ ಬಗ್ಗಿಸಿ, ಹೊಸ್ತಿಲು ದಾಟುವಂತೆ ಕಾಲೆತ್ತಿ ಇಟ್ಟಳು.

"ಸಾವಕಾಶ ಮುದುಕಿ, ಬಾಗಲಾ ಬಡದೀತು," ಎಂದ ಗೌಡ. ಆಳುಗಳು ನಕ್ಕರು.

"ಬಗ್ಗೇ ಬಂದೀನಿ ಗೌಡಾ. ನಿಮ್ಮಪ್ಪನೂ ಇಲ್ಲೇ ಬಗ್ಗಿ ಒಳಗ ಬರತಿದ್ದ, ನಮ್ಮವ್ವನ ಕೈಯಾಗಿನ ಮಜ್ಜಿಗಿ ಕುಡಿಯಾಕ."

ಸಾಹೇಬರು ಅಪ್ಪನ ಕಡೆ ತಿರುಗಿದರು. "ಹಳೇ ನಕ್ಷಾ?"

"ಸಿಗಲಿಲ್ಲ ಸಾಹೇಬ್ರ," ಅಂದರು ಅಪ್ಪ.

"ಸಿಗಲಿಲ್ಲ ಅಂದ್ರ ಊರೂ ಇಲ್ಲ."

ಹಣಮವ್ವ ದಮಣಿಯ ಬಳಿ ಬಂದು ನೀರು ಕೇಳಿದಳು. ಕೊಟ್ಟೆ. ನನ್ನ ಮುಷ್ಟಿಯಲ್ಲಿ ಕರ್ಚೀಫು, ಬೆವರಿಗೆ ಮುದ್ದೆಯಾಗಿತ್ತು. ಆಕೆ ಅದರ ತುದಿ ಹಿಡಿದು ಬಿಡಿಸಿದಳು.

"ಚಂದ ಹಾಕಿ ತಾಯಿ. ನೀನ ಹಾಕಿದೇನು?" ಬೆರಳಿಟ್ಟು ಎಣಿಸಿದಳು. "ಹನ್ನೊಂದು. ಎಲ್ಲಾರೂ ಜೋಡಿ ಹೂವ ಹಾಕ್ತಾರ, ನೀ ಯಾಕ ಹನ್ನೊಂದ ಹಾಕಿ?"

ಆಕೆಯ ಬೆರಳು ನೀಲಿ ಬೊಟ್ಟಿನ ಪಕ್ಕದ ಹೂವಿನ ಮೇಲೆ ನಿಂತಿತು. ಬಹಳ ಹೊತ್ತು ನಿಂತಿತು.

"ನೀ ಓದಿದಾಕಿ. ಆ ನಕ್ಷಾ ನೀ ಎಲ್ಲ್ಯರ ನೋಡಿಯೇನ?"

"ಇಲ್ಲ."

ಅಷ್ಟೇ. ಅಪ್ಪನ ನೌಕರಿ ಹೋಗುತ್ತಿತ್ತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ನಿಜವೂ ಹೌದು. ಆದರೆ ಆ ಕ್ಷಣ ನಾನು ಅಪ್ಪನನ್ನು ನೆನೆಯಲಿಲ್ಲ. ಸದಾ ಗುಡ್ ಗರ್ಲ್ ಅನ್ನಿಸಿಕೊಂಡವಳಿಗೆ ಅಷ್ಟು ಜನರ ಮುಂದೆ ಕಳ್ಳಿಯಾಗಲು ನಾಚಿಕೆ. ಒಂದು ಊರಿನ ಎದುರು ನನ್ನ ನಾಚಿಕೆಯನ್ನು ತೂಗಿದೆ — ನಾಚಿಕೆಯೇ ಭಾರವಾಯಿತು.

ಕಾನ್ವೆಂಟಿನಲ್ಲಿ ಕ್ರಿಶ್ಚಿಯನ್ ಹುಡುಗಿಯರು ಕನ್ಫೆಶನ್ನಿಗೆ ಹೋಗಿ ಮುಖ ತೊಳೆದವರಂತೆ ಹೊರಬರುತ್ತಿದ್ದರು. ನಾನು ಹೊರಗಿನ ಬೆಂಚಿನ ಮೇಲೆ ಕೂತು ನೋಡುತ್ತಿದ್ದೆ. ಇವತ್ತಿಗೂ ಆ ಬೆಂಚಿನ ಮೇಲೆಯೇ ಇದ್ದೇನೆ.

ಹೋದ ತಿಂಗಳು ಕಾಲೇಜಿನಲ್ಲಿ ಭೂಗೋಳ ಕಲಿಸುವ ಒಬ್ಬ ಹುಡುಗಿ ಅಪ್ಪನ ಹೆಸರು ಹುಡುಕಿಕೊಂಡು ಬಂದಳು. ಹಳೆಯ ನಕ್ಷೆಗಳಿಂದ ಕಮಲಾಪುರದ ಸುತ್ತಿನ ಊರುಗಳು ಬದಲಾದ ಬಗೆ ಬರೆಯುತ್ತಿದ್ದಾಳಂತೆ. ನಮ್ಮ ಡೈನಿಂಗ್ ಟೇಬಲಿನ ಮೇಲೆ ನಕ್ಷೆ ಹರಡಿ, "ಅಜ್ಜೀ, ಇಷ್ಟು ಜಾಗ ಯಾವಾಗ್ಲೂ ಖಾಲಿನೇ ಇತ್ತೇನ್ರಿ?" ಅಂದಳು. ನಾನು ಚಹಾ ತರುವ ನೆಪದಲ್ಲಿ ಎದ್ದುಹೋದೆ. ಅದು ಮೂರನೆಯ ಇಲ್ಲ.

ನಿನ್ನೆ ಕೂತು ಹನ್ನೊಂದು ಹೂಗಳ ದಾರವನ್ನೂ ಬಿಚ್ಚಿದೆ. ಕೆಳಗೆ ಮನೆಗಳು ಹಾಗೆಯೇ ಇವೆ. ಈ ಬರಹದ ಜೊತೆ ಆ ಬಟ್ಟೆಯನ್ನು ನಾಳೆ ಅವಳಿಗೆ ಕೊಡುತ್ತೇನೆ. ಊರಿನ ಹೆಸರು ಕೊಡಲಾರೆ. ಗೌಡ, ಸಾಹೇಬರು ಇಬ್ಬರೂ ಅಂಥ ಊರೇ ಇಲ್ಲ ಎಂದರು. ಹಣಮವ್ವ ನಮ್ಮೂರು ಎಂದಷ್ಟೇ ಹೇಳಿದಳು. ನಾನು ಓದಿದ್ದೆ, ಒಗೆದೆ, ಮರೆತೆ.

ಆಕೆಯನ್ನು ಕೊನೆಯ ಸಲ ಕಂಡದ್ದು ಅವತ್ತೇ. ನೀರು ಕುಡಿದು, ನನ್ನ ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟು, ಮತ್ತೆ ಆ ಬಯಲಿಗೆ ಹೋದಳು. ಅದೇ ಸಂದಿ, ಅದೇ ತಿರುವು. ಹೊಸ್ತಿಲು ದಾಟಿ ಒಳಗೆ ನಿಂತಳು. ಆಮೇಲೆ ತಲೆ ಬಗ್ಗಿಸಿ ಹೊರಬಂದು, ಹಿಂದೆ ತಿರುಗಿ, ಎರಡೂ ಕೈಗಳಿಂದ ಗಾಳಿಯಲ್ಲಿ ಬಾಗಿಲು ಎಳೆದುಕೊಂಡು, ಎತ್ತರಕ್ಕೆ ಕೈ ಚಾಚಿ ಚಿಲಕದ ಸರಪಳಿ ಹಾಕಿದಳು.

ಝಲ್ — ಅಂದದ್ದು ನನಗೆ ಕೇಳಿಸಿತು. ಅಳತೆಯವರು ತಮ್ಮ ಸರಪಳಿಯನ್ನು ಆಗಲೇ ಸುತ್ತಿ ಬಂಡಿಗೆ ಹಾಕಿಯಾಗಿತ್ತು.