ಆಯುಧಪೂಜೆಗೆ ಒಳಗಿಂದಲೂ ತೊಳೆದ ಕಂಪ್ಯೂಟರ್

ಎರಡು ಸಾವಿರದ ದಶಕದಲ್ಲಿ ಗುಬ್ಬಿಯಲ್ಲಿ ಅಕ್ಕನದೊಂದು ಡಿಟಿಪಿ ಅಂಗಡಿ ಇತ್ತು. ಲಗ್ನಪತ್ರಿಕೆ, ಕರಪತ್ರ ಎಲ್ಲವೂ ಒಂದೇ ಕಂಪ್ಯೂಟರಿನಿಂದ ಬರಬೇಕು. ಅದಕ್ಕೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಟ್ಟವಳು ನಾನು. ತುಮಕೂರಿನ ಶೆಟ್ಟಿಹಳ್ಳಿಯಿಂದ ನಾನು ಬಂದಾಗಲೆಲ್ಲ ಅಕ್ಕ ಗಿರಾಕಿಗಳಿಗೆ, "ನಮ್ ತಂಗಿಗೆ ಕಂಪ್ಯೂಟರ್ ಅಂದ್ರೆ ನೀರು ಕುಡಿದಂಗೆ" ಎನ್ನುತ್ತಿದ್ದಳು. ತುಂಬಿದ ಕೊಡ ತುಳುಕುವುದಿಲ್ಲವಂತೆ. ನನ್ನದು ಅರೆಕೊಡ, ಚೆನ್ನಾಗಿಯೇ ತುಳುಕುತ್ತಿದ್ದೆ.

ಒಂದು ವರ್ಷ ದಸರೆಗೆ ಮುಂಚೆ ಸಿ.ಡಿ. ತಂದು ಲಿನಕ್ಸನ್ನು ಅಪ್‌ಗ್ರೇಡ್ ಮಾಡಿ ಹೋಗಿದ್ದೆ. ಆಯುಧಪೂಜೆಯ ಬೆಳಿಗ್ಗೆ ಅಕ್ಕ ಪ್ರಿಂಟರ್ ಒರೆಸುತ್ತಿದ್ದಾಗ, ಕಂಪ್ಯೂಟರನ್ನು ಒಳಗಿಂದಲೂ ತೊಳೆದುಬಿಡುವ ಉಮೇದು ನನಗೆ ಬಂತು. ಅಪ್‌ಗ್ರೇಡ್ ಆದ ಮೇಲೆ ಬೇಡವಾಗಿ ಉಳಿದ ಹಳೆಯ ಪ್ಯಾಕೇಜುಗಳು, ಅಂದರೆ ತಂತ್ರಾಂಶದ ತುಣುಕುಗಳು, ಇಂಥಿಂಥವು, ತೆಗೆಯಲೇ ಎಂದು ಕಂಪ್ಯೂಟರೇ ಕೇಳಿತು. ಓದುವ ತಾಳ್ಮೆ ಯಾರಿಗಿತ್ತು! ಹೌದು ಎಂದು ಒತ್ತಿದೆ. ಅಕ್ಕ ಮಾನಿಟರಿಗೆ ಕುಂಕುಮವಿಟ್ಟು, ಹೂ ಮುಡಿಸಿ, ಬೂದುಗುಂಬಳ ಒಡೆಸಿದಳು. ಪೂಜೆಯಾದ ಮೇಲೆ ಮರುದಿನದವರೆಗೆ ಯಂತ್ರ ಮುಟ್ಟುವ ಹಾಗಿಲ್ಲ. ಹಾಗಾಗಿ ಏನೇನು ಹೋಯಿತೆಂದು ನಾನು ನೋಡಲೂ ಇಲ್ಲ.

ವಿಜಯದಶಮಿಯ ಬೆಳಿಗ್ಗೆ ಚೇಳೂರಿನ ಹಿರಿಯರೊಬ್ಬರು ಬಂದರು. ಮಗಳ ಲಗ್ನಪತ್ರಿಕೆಯ ಮೊದಲ ಪ್ರತಿಯನ್ನು ಅವರು ಅವತ್ತೇ, ರಾಹುಕಾಲಕ್ಕೆ ಮುಂಚೆ, ಮನೆದೇವರ ಮುಂದಿಡಬೇಕಿತ್ತು. ಅಕ್ಕ ಫೈಲ್ ತೆರೆದಳು. ಮಗಳ ಹೆಸರಿದ್ದ ಜಾಗದಲ್ಲಿ ಖಾಲಿ ಚೌಕಗಳ ಸಾಲು. ಗಣಪತಿ ಶ್ಲೋಕವೂ ಚೌಕ, ಮುಹೂರ್ತವೂ ಚೌಕ. ನಾನು ಗುಡಿಸಿ ಹಾಕಿದ ಕಸದಲ್ಲಿ ಕನ್ನಡದ ಅಕ್ಷರ ಮೂಡಿಸುವ ಫಾಂಟುಗಳೂ ಹೋಗಿದ್ದವು. ಅವನ್ನು ಮತ್ತೆ ಹಾಕಲು ಬೇಕಾದ ಸಿ.ಡಿ. ನೋಡಿದರೆ ಶೆಟ್ಟಿಹಳ್ಳಿಯ ಮನೆಯಲ್ಲಿ.

"ಏನಮ್ಮ ಇದು, ಬರೀ ಡಬ್ಬ ಡಬ್ಬ ಬಂದೈತೆ?" ಎಂದರು ಹಿರಿಯರು.

ಹೇಳಬೇಕಾದವಳು ನಾನು. ಅಕ್ಕ ನನ್ನ ಮುಖ ನೋಡಿದಳು, ಅವಳಿಗೆ ಅರ್ಥವಾಯಿತು.

"ನಂದೇ ತಪ್ಪು ಯಜಮಾನ್ರೆ. ನೆನ್ನೆ ಕ್ಲೀನ್ ಮಾಡೋವಾಗ ಏನೋ ಒತ್ಬಿಟ್ಟೆ."

"ಗೊತ್ತಿಲ್ದೆ ಯಾಕಮ್ಮ ಮುಟ್ಟಕ್ಕೋಗ್ತೀಯ? ತಿಳ್ಕೊಂಡಿರೋ ತಂಗಿ ಪಕ್ಕದಲ್ಲೇ ಅವ್ಳೆ, ಒಂದ್ಮಾತು ಕೇಳ್ಬಾರ್ದಾ?"

"ಕೇಳ್ಬೇಕಿತ್ತು" ಎಂದಳು ಅಕ್ಕ. ಆಗಲೂ ನಾನು ಬಾಯಿ ಬಿಡಲಿಲ್ಲ. ಅವಳು ಖಾಲಿ ಕಾರ್ಡೊಂದನ್ನು ತೆಗೆದು, ಹಿರಿಯರು ಮೊದಲೇ ಬರೆದುಕೊಟ್ಟಿದ್ದ ಚೀಟಿ ನೋಡಿಕೊಂಡು, ಇಡೀ ಲಗ್ನಪತ್ರಿಕೆಯನ್ನು ಕೈಯಲ್ಲೇ ದುಂಡಗೆ ಬರೆದು, ಮೂಲೆಗಳಿಗೆ ಅರಿಶಿನ ಹಚ್ಚಿ ಕೊಟ್ಟಳು. ಹಿರಿಯರು ಕಣ್ಣಿಗೊತ್ತಿಕೊಂಡು ಚೇಳೂರಿನ ಬಸ್ಸು ಹಿಡಿದರು. ನಾನು ಸಿ.ಡಿ. ತರಲು ತುಮಕೂರಿನ ಬಸ್ಸು ಹತ್ತಿದೆ.

ಮುಂದಿನ ಆಯುಧಪೂಜೆಗೆ ಅಕ್ಕ ನನ್ನ ಕೈಗೆ ಬಟ್ಟೆ ಕೊಟ್ಟು, "ಮೇಲ್ಮೇಲೆ ಒರಸು, ಸಾಕು ಕಣೇ" ಎಂದಳು. ಆ ಹೊತ್ತಿಗೇ ಯಾರೋ ಗಿರಾಕಿ ಬಂದರು. "ನಮ್ ತಂಗಿ," ಎಂದು ಶುರುಮಾಡಿದಳು, "ಕಂಪ್ಯೂಟರ್ ಅಂದ್ರೆ ನೀರು ಕುಡಿದಂಗೆ." ನಾನು ತಲೆ ಎತ್ತದೆ ಒರೆಸುತ್ತಲೇ ಇದ್ದೆ.