ಏಳನೇ ನರದ ಮೇಷ್ಟ್ರು

ತಲೆಬುರುಡೆಯ ಹನ್ನೆರಡು ಜೊತೆ ನರಗಳೂ ತಮ್ಮ ಅಪ್ಪಣೆ ಪಡೆದೇ ಹೊರಡುತ್ತವೆ ಎಂಬ ಗತ್ತಿನಲ್ಲಿ ಮೇಷ್ಟ್ರು ಮೂವತ್ತು ವರ್ಷ ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಮಾಡಿದರು. ಮುಖವನ್ನಾಡಿಸುವ ಏಳನೇ ನರದ ದಾರಿಯನ್ನು ತಪ್ಪಾಗಿ ಹೇಳಿದವರನ್ನು ಮುಲಾಜಿಲ್ಲದೆ ನಪಾಸು ಮಾಡಿದರು.

ಒಂದು ಬೆಳಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ತಾನಾಗಿ ಸೋರಿತು. ಕನ್ನಡಿಯಲ್ಲಿ ಅರ್ಧ ಮುಖ ಜೋತುಬಿದ್ದಿತ್ತು. ಅಷ್ಟೂ ಪಾಂಡಿತ್ಯ ಅಲ್ಲೇ ಮೂರ್ಛೆ ಹೋಯಿತು.

"ಲಕ್ವ ಹೊಡೀತು ಕಣೇ! ಮೆದುಳೇ ಹೋಯ್ತು!"

ಬಟಾಣಿ ಬಿಡಿಸುತ್ತ ಕೂತಿದ್ದ ಹೆಂಡತಿ ತಲೆಯೆತ್ತಿದಳು. "ಎಲ್ಲಿ, ಹುಬ್ಬು ಎತ್ತಿ ನೋಡೋಣ."

ಎಡ ಹುಬ್ಬು ಅಲುಗಲಿಲ್ಲ.

"ಮೆದುಳಿಂದಾಗಿದ್ರೆ ಹಣೆ ಆಡ್ತಿತ್ತು. ಇದು ನಿಮ್ಮ ಏಳನೇ ನರಾನೇ. ದಿನಾ ಬಚ್ಚಲಲ್ಲಿ ಪಾಠ ಒಪ್ಪಿಸ್ತಿದ್ರಲ್ಲ, ಕೇಳಿ ಕೇಳಿ ನಂಗೇ ಬಂತು. ವಾಸಿಯಾಗತ್ತೆ, ನಡೀರಿ ಡಾಕ್ಟರ ಹತ್ರ."

ಜೀವ ಉಳಿಯುವುದು ಖಾತ್ರಿಯಾದದ್ದೇ ತಡ, ಮೇಷ್ಟ್ರು ಸೊಟ್ಟ ಬಾಯಲ್ಲೇ ಗದರಿದರು: "ಉತ್ತರ ಹೇಳುವಾಗ ಎದ್ದು ನಿಲ್ಲೋಕಾಗಲ್ವಾ?"